ಮುಚ್ಚಳದ ಮೇಲಿನ ಎರಡು ಅಕ್ಷರ

ಕಲ್ಪನ ಹುಟ್ಟಿದ್ದು ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಹಳ್ಳಿಯಲ್ಲಿ. ತಾಯಿ ಮುನಿನಾರಾಯಣಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ತಂದೆ ಹದಿನಾರು ವರ್ಷ ಜಲ್ಲಿ ಕ್ರಷರ್‌ನಲ್ಲಿ ದುಡಿದು ಕೆಮ್ಮು ಹತ್ತಿಸಿಕೊಂಡವನು. ಅವನಿಗೆ ಮೂವರು ಡಾಕ್ಟರು ನೋಡಿ ಎರಡು ಸಲ ಟಿ.ಬಿ. ಮಾತ್ರೆ ಕೊಟ್ಟರು. ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಸತ್ತ. ಸಾಯುವ ತಿಂಗಳಲ್ಲಿ ದೊಡ್ಡಾಸ್ಪತ್ರೆಯವರು ಎಕ್ಸ್‌ರೇ ನೋಡಿ, ಇದು ಟಿ.ಬಿ. ಅಲ್ಲ, ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತಿದೆ ಅಂದರು. ಆಮೇಲೆ ಕಲ್ಪನ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದಳು. ಯಾಕೆ ಅದನ್ನೇ ಆರಿಸಿಕೊಂಡೆ ಅಂತ ಯಾರಾದರೂ ಕೇಳಿದರೆ, "ಬಸ್ಸಿಗೆ ಅನುಕೂಲ ಇತ್ತು" ಅನ್ನುತ್ತಿದ್ದಳು.

ಮದುವೆಯಾಗಿ ಬಂಗಾರಪೇಟೆಗೆ ಬಂದಳು. ಗಂಡ ಸುಧಾಕರ್ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಪ್ಯಾಕಿಂಗ್ ಕಂಪನಿಗೆ ಹೋಗಿ ಬರುವವನು. ಅವಳು ಸಣ್ಣಪುಟ್ಟ ಲ್ಯಾಬುಗಳಲ್ಲಿ ರಕ್ತ ತೆಗೆಯುತ್ತಾ ಇದ್ದಳು. ಆಗ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದವರು ಸ್ಟೇಷನ್ ಪಕ್ಕದಲ್ಲೇ ಎರಡು ಕೋಣೆ ಬಾಡಿಗೆಗೆ ಹಿಡಿದು ಸಂಶೋಧನೆ ಶುರು ಮಾಡಿದರು.

ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಇಳಿದವರ ಎಕ್ಸ್‌ರೇ ನೋಡಿ ರೋಗ ಹೇಳುವುದು ಕಷ್ಟ. ದೂಳಿನ ಕಾಯಿಲೆಯೂ ಟಿ.ಬಿ.ಯೂ ಅದರಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ವಿಶ್ವವಿದ್ಯಾಲಯದವರ ಹತ್ತಿರ ಸೂಟ್‌ಕೇಸಿನಷ್ಟು ದೊಡ್ಡದೊಂದು ಮೆಷಿನ್ ಇತ್ತು. ಒಂದಿಷ್ಟು ಕಫ ಹಾಕಿದರೆ ಅದು ಒಂದೂವರೆ ಗಂಟೆಯಲ್ಲಿ ಟಿ.ಬಿ. ರೋಗಾಣು ಉಂಟೋ ಇಲ್ಲವೋ ಹೇಳುತ್ತಿತ್ತು. ಆ ಮೆಷಿನ್ನನ್ನು ಈ ಗಣಿ ಊರಿನಲ್ಲಿ ಎಷ್ಟು ನಂಬಬಹುದು ಅನ್ನುವುದೇ ಅವರ ಪ್ರಶ್ನೆ. ಅದಕ್ಕೆ ಆರುನೂರು ಜನರ ಕಫ ಬೇಕು. ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ಅರ್ಚನ, ಮನೆಮನೆಗೆ ಹೋಗಿ ಕಫ ತರುವ ಕೆಲಸಕ್ಕೆ ಕಲ್ಪನಳನ್ನು ಆರಿಸಿದರು.

ಆ ಕೆಲಸ ಅವಳಿಗೆ ಒಗ್ಗಿತು. ಕನ್ನಡ, ತೆಲುಗು, ತಮಿಳು ಮೂರೂ ಬರುತ್ತಿತ್ತು. ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಸಾಲುಸಾಲು ಲೈನು ಮನೆಗಳಲ್ಲಿ, ಹೊಸಬರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಮುದುಕರು ಇವಳನ್ನು ಒಳಗೆ ಕರೆದು ಕೂರಿಸುತ್ತಿದ್ದರು. "ಬರೀ ಎಂಜಲು ಉಗೀಬೇಡ ತಾತ, ಎದೆಯಾಳದಿಂದ ಬರ್ಬೇಕು" ಅಂತ ಬೆನ್ನು ಸವರಿ ಕೆಮ್ಮಿಸುತ್ತಿದ್ದಳು. ಒಂದೂವರೆ ವರ್ಷದಲ್ಲಿ ಮುನ್ನೂರೆಂಬತ್ತೇಳು ಡಬ್ಬಿ ತಂದಿದ್ದಳು. ಒಂದೂ ಹೆಚ್ಚುಕಮ್ಮಿ ಆಗಿರಲಿಲ್ಲ.

ಡಿಸೆಂಬರ್‌ನ ಒಂದು ಮಂಗಳವಾರ ಅವಳು ಊರಿಗಾಮಿನ ಮುನಿಶಾಮಿಯ ಮನೆಗೆ ಹೋದಳು. ಮುನಿಶಾಮಿಗೆ ಎಪ್ಪತ್ತೊಂದು ವರ್ಷ. ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ಬಂಡೆ ಕೊರೆದವನು. ಈಗ ಮನೆಯಿಂದ ನಲ್ಲಿಯವರೆಗೆ ನಡೆದರೆ ನಾಲ್ಕು ಸಲ ನಿಲ್ಲಬೇಕು. ಹೆಂಡತಿ ಆದಿಲಕ್ಷ್ಮಮ್ಮ ಬೆಳಗಿನಿಂದ ಅವನಿಗೆ ಬಿಸಿನೀರು ಕುಡಿಸಿ, ಎದೆಗೆ ಎಣ್ಣೆ ಹಚ್ಚಿ ಸಿದ್ಧ ಮಾಡಿ ಕೂರಿಸಿದ್ದಳು. ಬಹಳ ಹೊತ್ತು ಒದ್ದಾಡಿದ ಮೇಲೆ ಕಫ ಬಂತು.

ನಿಯಮ ಏನೆಂದರೆ, ಪ್ರತಿಯೊಬ್ಬರಿಗೂ ಒಂದು ನಂಬರು. ಆ ನಂಬರಿನ ಚೀಟಿಯನ್ನು ಕೆಮ್ಮುವ ಮುಂಚೆಯೇ, ಅವರ ಕಣ್ಣೆದುರಿಗೇ, ಡಬ್ಬಿಯ ಮೈಗೆ ಅಂಟಿಸಬೇಕು. ಅವತ್ತು ಕಲ್ಪನ ಚೀಟಿಗಳ ಹಾಳೆಯನ್ನು ಆಫೀಸಿನ ಮೇಜಿನ ಮೇಲೇ ಬಿಟ್ಟು ಬಂದಿದ್ದಳು. ಹೋಗಿ ತರಬೇಕೆಂದರೆ ಎರಡು ಗಂಟೆ ಬೇಕು. ಮುದುಕನನ್ನು ಮತ್ತೆ ಕೆಮ್ಮಿಸುವ ಮನಸ್ಸು ಅವಳಿಗೆ ಬರಲಿಲ್ಲ. ಚೀಲದಲ್ಲಿದ್ದ ಮಾರ್ಕರ್ ಪೆನ್ನಿನಿಂದ ಮುಚ್ಚಳದ ಮೇಲೆ 'ಮು' ಎಂದು ಬರೆದುಕೊಂಡು ಹೊರಟಳು.

ಊರಿಗಾಂ ಕಡೆ ಬಂದಾಗಲೆಲ್ಲ ಅವಳು ಓಡಾಡುತ್ತಿದ್ದದ್ದು ಆಂಡರ್ಸನ್‌ಪೇಟೆಯ ಸೆಲ್ವರಾಜನ ಆಟೋದಲ್ಲಿ. ಬೆಳಿಗ್ಗೆ ಸಂಜೆ ಅವನು ಶಾಲೆ ಮಕ್ಕಳನ್ನು ಕರೆದೊಯ್ಯುತ್ತಿದ್ದ, ನಡುವಿನ ಹೊತ್ತು ಬಾಡಿಗೆ ಹೊಡೆಯುತ್ತಿದ್ದ. ವಾಪಸು ಬರುವಾಗ ಅವನು ಕೆಮ್ಮುತ್ತಲೇ ಇದ್ದದ್ದು ಅವಳ ಕಿವಿಗೆ ಬಿತ್ತು.

"ಎಷ್ಟು ದಿನ ಆಯ್ತಣ್ಣಾ ಈ ಕೆಮ್ಮು?"

"ಮೂರು ವಾರ ಇರ್ಬೋದು ಸಿಸ್ಟರ್. ಚಳಿಗಾಲ ಅಲ್ವಾ, ಓಗ್ತದೆ ಬಿಡಿ."

"ಮೂರು ವಾರ ಆಗಿದ್ರೆ ಪರೀಕ್ಷೆ ಮಾಡಿಸ್ಲೇಬೇಕು. ಗಾಡಿ ನಿಲ್ಸಿ."

ಗಣಿ ಕಂಪನಿ ಕಾಲದ ಒಂದು ಪಾಳು ಕಟ್ಟಡದ ಗೋಡೆ ಮರೆಗೆ ಹೋಗಿ ಸೆಲ್ವರಾಜ್ ಡಬ್ಬಿಯಲ್ಲಿ ಕಫ ಕೊಟ್ಟ. ಅದರ ಮುಚ್ಚಳದ ಮೇಲೆ 'ಸೆ' ಎಂದು ಬರೆದಳು.

ಆಫೀಸಿಗೆ ಬಂದವಳೇ ಪೆಟ್ಟಿಗೆಯಿಂದ ಎರಡೂ ಡಬ್ಬಿ ಮೇಜಿನ ಮೇಲಿಟ್ಟು, ಎಂದಿನಂತೆ ಸ್ಪಿರಿಟ್ ಹತ್ತಿಯಿಂದ ಹೊರಮೈ, ಮುಚ್ಚಳ ಎಲ್ಲಾ ಒರೆಸಿದಳು. ಕೈ ತನ್ನ ಪಾಡಿಗೆ ತಾನು ಮಾಡುವ ಕೆಲಸ ಅದು. ಹತ್ತಿ ನೀಲಿಯಾಯಿತು. ನೋಡಿದರೆ ಎರಡು ಮುಚ್ಚಳವೂ ಬೋಳು.

ಬಲಗಡೆ ಇರುವುದು ಮುನಿಶಾಮಿಯದು ಇರಬೇಕು. ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಅದನ್ನೇ ಅಲ್ಲವೇ? ಮುದುಕನ ಕಫ ಗಟ್ಟಿ ಇತ್ತು, ಇದೂ ಗಟ್ಟಿ ಇದೆ. ಆದರೆ ಅದೂ ಗಟ್ಟಿಯಾಗೇ ಇದೆ. ಎರಡನ್ನೂ ಎಸೆದು ನಾಳೆ ಮತ್ತೆ ಹೋಗಿ ಕೇಳಬೇಕಾಗಿತ್ತು. ಅದು ಅವಳಿಗೆ ಆಗಲೇ ಗೊತ್ತಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ಮೆಷಿನ್ ನೋಡಿಕೊಳ್ಳುವ ಗಿರಿ ಕೂಗಿದ: "ಅಕ್ಕಾ, ಸ್ಯಾಂಪಲ್ ಕೊಡ್ತೀರಾ? ಮೆಷಿನ್ ಖಾಲಿ ಐತೆ."

ಬಲಗಡೆಯದಕ್ಕೆ ಮುನ್ನೂರೆಂಬತ್ತೆಂಟು, ಮುನಿಶಾಮಿ. ಎಡಗಡೆಯದಕ್ಕೆ ಮುನ್ನೂರೆಂಬತ್ತೊಂಬತ್ತು, ಸೆಲ್ವರಾಜ್. ಅಂಟಿಸಿ ಕೊಟ್ಟುಬಿಟ್ಟಳು.

ಸಂಜೆ ಫಲಿತಾಂಶ ಬಂತು. ಮುನಿಶಾಮಿಗೆ ಟಿ.ಬಿ. ಇದೆ, ಸೆಲ್ವರಾಜನಿಗೆ ಇಲ್ಲ. ಕೇಳಿದ ಕೂಡಲೇ ಕಲ್ಪನಳ ಎದೆ ಹಗುರಾಯಿತು. ಉಸಿರಿಗೆ ಒದ್ದಾಡುವ ಮುದುಕನಿಗೆ ರೋಗ, ಗಟ್ಟಿಮುಟ್ಟಾದ ಆಟೋ ಡ್ರೈವರಿಗೆ ಬರೀ ಚಳಿ ಕೆಮ್ಮು. ಸರಿಯಾಗಿಯೇ ಇದೆಯಲ್ಲ! ಮುನಿಶಾಮಿಯ ಎಕ್ಸ್‌ರೇಯಲ್ಲೂ ಎರಡು ಕಡೆ ಬಿಳಿ ಮಚ್ಚೆಗಳಿದ್ದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರೆ ಶುರು ಮಾಡಿದರು. ಕಲ್ಪನ ಸೆಲ್ವರಾಜನಿಗೆ ಫೋನ್ ಮಾಡಿ, "ನಿಮಗೇನೂ ಇಲ್ಲಣ್ಣಾ" ಅಂದಳು. "ಮಾರಿಯಮ್ಮ ಕಾಪಾಡಿದ್ಲು" ಅಂದ ಅವನು.

ಆಮೇಲೆ ನಾಲ್ಕು ವಾರ ಅವಳು ಬೇರೆ ಹಳ್ಳಿಗಳ ಕೆಲಸದಲ್ಲಿದ್ದಳು. ಮುನಿಶಾಮಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾನೋ ಇಲ್ಲವೋ ನೋಡಲು ಮತ್ತೆ ಊರಿಗಾಮಿಗೆ ಹೊರಟದ್ದು ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ. ಆಂಡರ್ಸನ್‌ಪೇಟೆಯಲ್ಲಿ ಸೆಲ್ವರಾಜನ ಆಟೋ ಹತ್ತಲು ಹೋದವಳು ಅವನನ್ನು ನೋಡಿ ಒಂದು ಗಳಿಗೆ ಹಾಗೇ ನಿಂತಳು. ಖಾಕಿ ಅಂಗಿ ಗೂಟಕ್ಕೆ ನೇತುಹಾಕಿದಂತೆ ಅವನ ಹೆಗಲ ಮೇಲೆ ಜೋಲುತ್ತಿತ್ತು.

"ಇನ್ನೂ ಕೆಮ್ಮು ಓಗಿಲ್ವಾ?"

"ಇಲ್ಲ ಸಿಸ್ಟರ್. ರಾತ್ರಿಯೆಲ್ಲಾ ಬೆವರು. ಮೆಡಿಕಲ್ ಸ್ಟೋರ್‌ನೋನು ಟಾನಿಕ್ ಕೊಟ್ಟವ್ನೆ, ಕುಡೀತಾ ಇದೀನಿ."

ದಾರಿಯಲ್ಲಿ ಅವನಿಗೆ ಜೋರಾಗಿ ಕೆಮ್ಮು ಬಂತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಟವೆಲಿನಿಂದ ಬಾಯಿ ಒರೆಸಿಕೊಂಡ. ಟವೆಲಿನ ಮೇಲೆ ಕೆಂಪು ಎಳೆ.

"ಎಲೆಅಡಿಕೆ ಹಾಕಿದ್ರಾ ಅಣ್ಣಾ?"

"ನಾನೆಲ್ಲಿ ಹಾಕ್ತೀನಿ ಸಿಸ್ಟರ್?" ಟವೆಲನ್ನು ಮಡಿಸಿ ಸೀಟಿನ ಕೆಳಗೆ ತುರುಕಿದ. "ನಂಗೇನೂ ಇಲ್ಲ ಅಂತ ನೀವೇ ಯೋಳಿದ್ರಲ್ಲ."



ಮುನಿಶಾಮಿಯ ಮನೆಯೊಳಗೆ ಕತ್ತಲೆ. ಆದಿಲಕ್ಷ್ಮಮ್ಮ ಬಾಗಿಲಲ್ಲೇ ಸಿಕ್ಕಿ, "ಬಂದ್ಯಾ ತಾಯಿ? ಮೂರು ದಿನದಿಂದ ಒಂದು ತುತ್ತೂ ಒಳಗೆ ನಿಲ್ತಾ ಇಲ್ಲ. ಎಲ್ಲಾ ವಾಂತಿ. ಆದ್ರೂ ಮಾತ್ರೆ ಮಾತ್ರ ತಪ್ಪಿಸಿಲ್ಲ ನೋಡು, ನೀನು ಯೋಳಿದಂಗೇ ಕೊಟ್ಟಿದೀನಿ" ಅಂದಳು. ಕಲ್ಪನ ಮುದುಕನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಕಣ್ಣು ಅರಿಸಿನದ ನೀರಿನಂತಿತ್ತು. ಮೂತ್ರ ಯಾವ ಬಣ್ಣ ಅಂತ ಕೇಳಿದಳು. ಡಿಕಾಕ್ಷನ್ ಬಣ್ಣ ಅಂದಳು ಆದಿಲಕ್ಷ್ಮಮ್ಮ.

ಟಿ.ಬಿ. ಮಾತ್ರೆ ಕೆಲವರ ಈಲಿಗೆ, ಅಂದರೆ ಲಿವರಿಗೆ, ಆಗಿಬರುವುದಿಲ್ಲ. ಹಾಗಾದಾಗ ತಡಮಾಡಿದರೆ ಜೀವಕ್ಕೇ ಅಪಾಯ. ಅದು ಕಲ್ಪನಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಮೊದಲ ಪಾಠಗಳಲ್ಲೊಂದು.

"ಇವತ್ತಿನ ಮಾತ್ರೆ ಕೊಟ್ರಾ?"

"ಇನ್ನೇನು ಕೊಡ್ಬೇಕು."

"ಕೊಡ್ಬೇಡಿ. ಈಗ್ಲೇ ಆಸ್ಪತ್ರೆಗೆ ಓಗೋಣ."

ಲೈನಿನಲ್ಲಿ ಇದ್ದದ್ದು ಸೆಲ್ವರಾಜನ ಆಟೋ ಒಂದೇ. ಕಲ್ಪನ ಎರಡೂ ಬದಿಯ ಟಾರ್ಪಾಲನ್ನು ಮೇಲಕ್ಕೆ ಸುತ್ತಿ ಕಟ್ಟಿ, ಸೆಲ್ವರಾಜನಿಗೆ ಹಾಕಿಕೊಳ್ಳಲು ಮಾಸ್ಕ್ ಕೊಟ್ಟಳು. ಮುದುಕನನ್ನು ಹಿಂದಿನ ಸೀಟಿನಲ್ಲಿ ನಡುವೆ ಕೂರಿಸಿ, ಒಂದು ಕಡೆ ತಾನು, ಇನ್ನೊಂದು ಕಡೆ ಆದಿಲಕ್ಷ್ಮಮ್ಮ ಕೂತರು. ಹಳ್ಳ ಬಂದಾಗಲೆಲ್ಲ ಮುನಿಶಾಮಿಯ ತಲೆ ಅವಳ ಭುಜಕ್ಕೆ ವಾಲುತ್ತಿತ್ತು. ಮುಂದೆ ಸೆಲ್ವರಾಜ್ ಕೆಮ್ಮುತ್ತಿದ್ದ. ಇಬ್ಬರ ಡಬ್ಬಿಗಳೂ ಅವಳ ಕಣ್ಣೆದುರಿಗೆ ಮೇಜಿನ ಮೇಲೆ ಕೂತಂತೆ ಕಂಡವು. ಬಲಗಡೆಯದು ಯಾವುದು, ಎಡಗಡೆಯದು ಯಾವುದು ಅನ್ನುವುದರಲ್ಲಿ ಅವಳಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮುನಿಶಾಮಿಯನ್ನು ಸೇರಿಸಿಕೊಂಡು ರಕ್ತ ತೆಗೆದರು. ಡ್ಯೂಟಿ ಡಾಕ್ಟರು ಮಾತ್ರೆ ನಿಲ್ಲಿಸಿ, "ಕಾಮಾಲೆ ಇಳಿದ ಮೇಲೆ ಒಂದೊಂದೇ ಮಾತ್ರೆ ಮತ್ತೆ ಶುರು ಮಾಡಬೇಕು. ಟಿ.ಬಿ. ಇದೆಯಲ್ಲ, ಬಿಡೋ ಹಾಗಿಲ್ಲ" ಅಂದರು.

ಕಲ್ಪನ ವರಾಂಡಕ್ಕೆ ಬಂದು ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ಮೂರೂವರೆಗೆ ಶಾಲೆ ಬಿಡುತ್ತದೆ. ಸೆಲ್ವರಾಜನ ಆಟೋದಲ್ಲಿ ಹನ್ನೊಂದು ಮಕ್ಕಳು ಒಬ್ಬರ ಮೇಲೊಬ್ಬರು ಕೂತು, ಚಳಿ ಗಾಳಿ ಅಂತ ಟಾರ್ಪಾಲು ಇಳಿಬಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಹೀಗೇ ನಾಲ್ಕು ವಾರದಿಂದ ಹೋಗಿದ್ದಾರೆ.

ಅವಳು ಗಂಡನಿಗೆ ಫೋನ್ ಮಾಡಿ ಎಲ್ಲಾ ಹೇಳಿದಳು. ಸುಧಾಕರ್, "ನೋಡು, ಯಾರಿಗೂ ಏನೂ ಗೊತ್ತಿಲ್ಲ ಅಲ್ವಾ? ಆ ಆಟೋದೋನಿಗೆ ಇನ್ನೊಂದ್ಸಲ ಟೆಸ್ಟ್ ಮಾಡ್ಸು. ಮಾಮೂಲಿ ಟೆಸ್ಟ್ ಅನ್ನು. ಅವ್ನಿಗೆ ಬಂದ್ರೆ ಹೊಸದಾಗಿ ಬಂತು ಅಂತಾರೆ. ಮುಗೀತು. ನೀನ್ಯಾಕೆ ತಲೆ ಕೊಡ್ತೀಯ?" ಅಂದ.

ಅದು ಕೆಟ್ಟ ಸಲಹೆ ಅಂತೇನೂ ಅನ್ನಿಸಲಿಲ್ಲ. ಸೆಲ್ವರಾಜನೂ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಆದರೆ ಮುನಿಶಾಮಿ? ಕಾಮಾಲೆ ಇಳಿದ ಮೇಲೆ ಅದೇ ಮಾತ್ರೆಗಳನ್ನು ಅವನ ಬಾಯಿಗೆ ಮತ್ತೆ ಹಾಕುತ್ತಾರೆ. ಇಲ್ಲದ ರೋಗಕ್ಕೆ. ಅದನ್ನು ತಡೆಯಬೇಕಾದರೆ ಆ ಮಂಗಳವಾರ ಏನಾಯಿತು ಅನ್ನುವುದನ್ನು ಬಾಯಿಬಿಟ್ಟು ಹೇಳದೆ ಬೇರೆ ದಾರಿ ಇರಲಿಲ್ಲ.

ಅರ್ಚನ ಮೇಡಂಗೆ ಫೋನ್ ಮಾಡಿದಳು. ಅವರು ಅವತ್ತು ಬಂಗಾರಪೇಟೆಯ ಆಫೀಸಿನಲ್ಲೇ ಇದ್ದರು. ಚೀಟಿ ಮರೆತದ್ದು, ಮುಚ್ಚಳದ ಮೇಲೆ ಬರೆದದ್ದು, ಒರೆಸಿದ್ದು, ಅಂದಾಜಿನ ಮೇಲೆ ಅಂಟಿಸಿದ್ದು, ಒಂದೂ ಬಿಡದೆ ಹೇಳಿದಳು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಖಾತ್ರಿಯಾಗಿದ್ದು ಇವತ್ತು ಮೇಡಂ." ಅಲ್ಲಿಗೇ ನಿಲ್ಲಿಸಬಹುದಾಗಿತ್ತು. "ಅನುಮಾನ ಅವತ್ತಿಂದಲೇ ಇತ್ತು."

"ಅವತ್ತಿಂದಲೇ!" ಅರ್ಚನ ಮೇಡಂ ದನಿ ಏರಿ ತಕ್ಷಣ ತಗ್ಗಿತು. "ಆಮೇಲೆ ಮಾತಾಡೋಣ. ಈಗ ಆ ಡ್ರೈವರ್ ಮಕ್ಕಳನ್ನ ಹತ್ತಿಸಿಕೊಳ್ಳಬಾರದು. ಅದನ್ನ ನೀವೇ ಹೇಳಬೇಕು, ಯಾಕೆ ಅಂತಾನೂ ಹೇಳಬೇಕು. ನಾನು ಹೊರಟೆ."

ಸೆಲ್ವರಾಜ್ ಗೇಟಿನ ಹತ್ತಿರ ಆಟೋ ಸ್ಟಾರ್ಟ್ ಮಾಡುತ್ತಿದ್ದ. ಕಲ್ಪನ ಓಡಿಹೋಗಿ ಹ್ಯಾಂಡಲ್ ಹಿಡಿದಳು.

"ಅಣ್ಣಾ, ಇವತ್ತು ಸ್ಕೂಲಿಗೆ ಓಗ್ಬೇಡಿ."

"ಮಕ್ಕಳು ಕಾಯ್ತಾ ಇರ್ತಾವೆ ಸಿಸ್ಟರ್, ಬಿಡಿ."

"ನಿಮಗೆ ಟಿ.ಬಿ. ಇರ್ಬೋದಣ್ಣಾ. ನಿಮ್ಮ ಡಬ್ಬಿನೂ ಮುನಿಶಾಮಿ ತಾತನ ಡಬ್ಬಿನೂ ನಾನು ಅದಲುಬದಲು ಮಾಡ್ದೆ. ತಪ್ಪು ನಂದು."

ಇಂಜಿನ್ ಓಡುತ್ತಲೇ ಇತ್ತು. ಸೆಲ್ವರಾಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಮೊದಲು ನೋಡಿದ್ದು ಹಿಂದಿನ ಸೀಟನ್ನು.

"ಆ ಮಕ್ಕಳು," ಅಂದ. "ಅಯ್ಯೋ ಕಡವುಳೇ. ದಿನಾ ಹಾಡು ಹಾಡ್ಕೊಂಡು ಬರ್ತಾವೆ ಸಿಸ್ಟರ್, ನನ್ ಬೆನ್ನಿಗೇ ಅಂಟ್ಕೊಂಡು. ನೀವು ಏನೂ ಇಲ್ಲ ಅಂದ್ರಿ ಅಂತ ತಾನೇ ನಾನು..." ಮಾತು ಕೆಮ್ಮಿನಲ್ಲಿ ಮುಳುಗಿತು. ಸೀಟಿನ ಕೆಳಗಿನ ಟವೆಲ್ ಎಳೆದು ಬಾಯಿಗೆ ಒತ್ತಿಕೊಂಡ. ಕೆಮ್ಮು ನಿಂತ ಮೇಲೆ ಅವನು ಬೈಯಲಿಲ್ಲ. ಇಂಜಿನ್ ಆರಿಸಿ, ಸ್ಟಾಂಡಿನಲ್ಲಿದ್ದ ಆರುಮುಗಂ ಅನ್ನುವ ಇನ್ನೊಬ್ಬ ಡ್ರೈವರಿಗೆ ಫೋನ್ ಮಾಡಿ ಮಕ್ಕಳನ್ನು ಮನೆ ಮುಟ್ಟಿಸಲು ಹೇಳಿದ. ಯಾಕೆ ಅಂತ ಅವನು ಕೇಳಿರಬೇಕು. "ಹುಷಾರಿಲ್ಲಪ್ಪಾ" ಅಂದಷ್ಟೇ ಹೇಳಿ ಇಟ್ಟ.

ಅರ್ಚನ ಮೇಡಂ ಅರ್ಧ ಗಂಟೆಯಲ್ಲಿ ಬಂದರು. ಹೊಸ ಡಬ್ಬಿಗೆ ಚೀಟಿಯನ್ನು ತಾವೇ ಅಂಟಿಸಿ, ನಂಬರನ್ನು ಸೆಲ್ವರಾಜನಿಗೆ ಓದಿ ಹೇಳಿ, ಆಸ್ಪತ್ರೆಯ ಹಿಂದಿನ ಬಯಲಲ್ಲಿ ಕಫ ತೆಗೆಸಿಕೊಂಡರು. ಡಬ್ಬಿ ಇಸಿದುಕೊಳ್ಳಲು ಕಲ್ಪನ ಕೈ ಚಾಚಿದಳು. "ಬೇಡ, ನಾನೇ ತರ್ತೀನಿ" ಅಂದರು ಮೇಡಂ. ಒರಟಾಗಿ ಏನೂ ಹೇಳಲಿಲ್ಲ. ಆದರೂ ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಬಂಗಾರಪೇಟೆಯ ಆಫೀಸಿನಲ್ಲಿ ಗಿರಿ ಮೆಷಿನ್ ಹಾಕಿದ. ಕಲ್ಪನ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಪಕ್ಕದ ಹಳಿಯ ಮೇಲೆ ಎರಡು ರೈಲು ಹೋದವು. ತನ್ನ ಊಹೆ ಸುಳ್ಳಾಗಲಿ, ಸೆಲ್ವರಾಜನಿಗೆ ಏನೂ ಇಲ್ಲದಿರಲಿ ಅಂತ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆದರೆ ಹಾಗಾದರೆ ಮುದುಕನಿಗೆ ರೋಗವಿದೆ ಎಂದಾಗುತ್ತದೆ, ಆ ಮಾತ್ರೆ ಮತ್ತೆ ತಿನ್ನಬೇಕಾಗುತ್ತದೆ. ಏನು ಬೇಡಿಕೊಳ್ಳಬೇಕು ಅನ್ನುವುದೇ ಅವಳಿಗೆ ತಿಳಿಯದಾಯಿತು.

ಒಂದೂವರೆ ಗಂಟೆಯ ನಂತರ ಗಿರಿ ಎದ್ದು ನಿಂತು, "ಪಾಸಿಟಿವ್ ಮೇಡಂ. ಜೋರಾಗೇ ಐತೆ" ಅಂದ.

ಅರ್ಚನ ಮೇಡಂ ಒಂದು ಬಿಳಿ ಹಾಳೆ ತಂದು ಕಲ್ಪನಳ ಮುಂದಿಟ್ಟು, "ಎಲ್ಲಾ ಬರೆದುಕೊಡಿ. ನಿಮ್ಮ ಮಾತಲ್ಲೇ" ಅಂದರು. ಅವಳು ಎರಡು ಪುಟ ಬರೆದು, ಕೊನೆಯಲ್ಲಿ ಸಹಿ ಮಾಡಿದಳು.

ಮಾರನೆ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಮುನಿಶಾಮಿಯ ಕಾಮಾಲೆ ಏರಿತ್ತು. ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಆದಿಲಕ್ಷ್ಮಮ್ಮ ಇವಳನ್ನು ಕಂಡು ಜಾಗ ಮಾಡಿಕೊಟ್ಟಳು. ಕಲ್ಪನ ಕೂರಲಿಲ್ಲ. ನಿಂತೇ ಹೇಳಿದಳು.

ಆದಿಲಕ್ಷ್ಮಮ್ಮ ಕೇಳಿಸಿಕೊಂಡು, "ಅಂದ್ರೆ ಇವ್ರಿಗೆ ಆ ಕಾಯಿಲೆ ಇಲ್ವಾ?" ಅಂದಳು.

"ಇಲ್ಲ ಅಂತ ಕಾಣ್ತದಮ್ಮಾ. ಇನ್ನೊಂದು ಪರೀಕ್ಷೆ ಮಾಡ್ತಾರೆ."

"ಇಲ್ದಿದ್ರೂ ತಿನ್ನಿಸ್ದೆ. ದಿನಾ ಬೆಳಿಗ್ಗೆ ನನ್ ಕೈಯಾರೆ ತಿನ್ನಿಸ್ದೆ. ಬೇಡ ಬೇಡ ಅಂತ ಬಾಯಿ ಮುಚ್ಕೊಂಡ್ರೆ, ಕಲ್ಪನ ಯೋಳವ್ಳೆ ತಿನ್ನಿ ಅಂತ ಗದರಿಸಿ ತಿನ್ನಿಸ್ದೆ." ಅವಳು ಎದ್ದು ನಿಂತಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. "ನಿನ್ನನ್ನ ಮಗಳು ಅಂದ್ಕೊಂಡಿದ್ದೆ ಕಣೇ ನಾನು. ನನ್ ಕೈಯಲ್ಲೇ ನನ್ ಗಂಡನ್ಗೆ ವಿಷ ಆಕಿಸಿದ್ಯಲ್ಲೇ! ಓಗು. ನನ್ ಕಣ್ಮುಂದೆ ನಿಂತ್ಕೋಬೇಡ, ಓಗು."

ತನ್ನ ಅಪ್ಪನೂ ಇಲ್ಲದ ರೋಗಕ್ಕೆ ಮಾತ್ರೆ ತಿಂದೇ ಸತ್ತ ಅಂತ ಹೇಳಬೇಕೆನಿಸಿತು. ಅದನ್ನು ಹೇಳುವ ಹಕ್ಕು ತನಗಿಲ್ಲ ಅನ್ನಿಸಿ, ಕಲ್ಪನ ಹೊರಗೆ ಬಂದಳು.

ಇನ್ನೊಂದು ಪರೀಕ್ಷೆ ಅನ್ನುವುದು ಅರ್ಚನ ಮೇಡಂಗೆ ಹೊಳೆದದ್ದು. ನಾಲ್ಕು ವಾರ ಮಾತ್ರೆ ತಿಂದ ಮುನಿಶಾಮಿಯ ಕಫವನ್ನು ಈಗ ಪರೀಕ್ಷಿಸಿದರೆ, ರೋಗ ಇರಲೇ ಇಲ್ಲವೋ ಅಥವಾ ಮಾತ್ರೆಗೆ ಅಡಗಿತೋ ಹೇಳಲಾಗದು. ಸೆಲ್ವರಾಜನಿಗೆ ಇದೆ ಅಂದಮಾತ್ರಕ್ಕೆ ಮುನಿಶಾಮಿಗೆ ಇಲ್ಲ ಅಂತಲೂ ಅಲ್ಲ. ಆದರೆ ಆ ಮಂಗಳವಾರದ ಕಫದಲ್ಲಿ ಮಿಕ್ಕಿದ್ದು ಬೆಂಗಳೂರಿನ ವಿಶ್ವವಿದ್ಯಾಲಯದ ಫ್ರೀಜರ್‌ನಲ್ಲಿ ಇತ್ತು. ಕಫದಲ್ಲಿ ರೋಗಾಣುವಿನ ಜೊತೆಗೆ ಕೆಮ್ಮಿದವನ ಜೀವಕೋಶಗಳೂ ಇರುತ್ತವೆ. ಇಬ್ಬರ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ, ಅವರ ಡಿ.ಎನ್.ಎ.ಯನ್ನು ಆ ಎರಡು ಡಬ್ಬಿಗಳ ಕಫದ ಜೊತೆ ಹೋಲಿಸಿದರೆ ಯಾವುದು ಯಾರದು ಅಂತ ಸಂದೇಹವಿಲ್ಲದೆ ಗೊತ್ತಾಗುತ್ತದೆ. ಮೇಡಂ ಇಬ್ಬರಿಗೂ ವಿವರಿಸಿ ಒಪ್ಪಿಗೆ ಪಡೆದರು. ಸೆಲ್ವರಾಜ್ ಕೂಡಲೇ ಬಾಯಿ ತೆರೆದ. ಮುನಿಶಾಮಿಯ ಪರವಾಗಿ ಆದಿಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತಿದಳು.

ಫಲಿತಾಂಶಕ್ಕೆ ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನದಲ್ಲಿ ಸಂಕ್ರಾಂತಿ ಬಂದು ಹೋಯಿತು. ತಾಯಿ ಮುನಿನಾರಾಯಣಮ್ಮ ಎಳ್ಳು, ಕಬ್ಬು ಕಳಿಸಿದ್ದಳು. ಕಲ್ಪನ ಕಟ್ಟು ಬಿಚ್ಚಲೂ ಇಲ್ಲ. ನಾಲ್ಕನೆಯ ದಿನ ಮುನಿಶಾಮಿ ಹೆಂಡತಿಯ ಗುರುತು ಹಿಡಿಯದೆ, ಗಣಿಯಲ್ಲಿ ಇದ್ದೇನೆ ಅಂದುಕೊಂಡು ತಮಿಳಿನಲ್ಲಿ ಯಾರನ್ನೋ ಲೈಟು ಹಿಡಿ ಅಂತ ಕೂಗತೊಡಗಿದ. ಈಲಿಯ ವಿಷ ತಲೆಗೇರಿದೆ ಅಂತ ಕೋಲಾರದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಕಲ್ಪನ ಹೋಗುವಂತಿರಲಿಲ್ಲ. ಆಸ್ಪತ್ರೆಯ ವರದಿ ವಿಚಾರಿಸಿಕೊಳ್ಳುತ್ತಿದ್ದ ಗಿರಿಗೆ ದಿನಕ್ಕೆರಡು ಸಲ ಫೋನ್ ಮಾಡಿ, "ಇವತ್ತು ರಕ್ತ ಏನು ಬಂತು?" ಅಂತ ಕೇಳುತ್ತಿದ್ದಳು. ಹನ್ನೆರಡು. ಹದಿನಾಲ್ಕು. ಹದಿನಾರು. ರಕ್ತದಲ್ಲಿ ಕಾಮಾಲೆ ಎಷ್ಟಿದೆ ಅಂತ ಹೇಳುವ, ಆರೋಗ್ಯವಂತರಿಗೆ ಒಂದರ ಆಸುಪಾಸಿನಲ್ಲಿ ಇರಬೇಕಾದ ಅಂಕಿ ಅದು. ಸುಧಾಕರ್ ಸಂಜೆ ರೈಲಿಂದ ಇಳಿದು ಬಂದು ತಾನೇ ಅನ್ನಕ್ಕೆ ಇಡುತ್ತಿದ್ದ. ಏಳನೆಯ ದಿನ ಗಿರಿ ತಾನಾಗಿಯೇ ಫೋನ್ ಮಾಡಿದ. "ಹನ್ನೊಂದಕ್ಕೆ ಇಳಿದೈತಕ್ಕಾ. ಹೆಂಡತೀನ ಹೆಸರಿಡಿದು ಕರೆದ್ರಂತೆ." ಕಲ್ಪನ ಅಡುಗೆಮನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು.

ಒಂಬತ್ತನೆಯ ದಿನ ಬೆಂಗಳೂರಿನಿಂದ ವರದಿ ಬಂತು. ಮುನ್ನೂರೆಂಬತ್ತೆಂಟು ಅಂತ ಅಂಟಿಸಿದ್ದ ಕಫ ಸೆಲ್ವರಾಜನದು. ಮುನ್ನೂರೆಂಬತ್ತೊಂಬತ್ತು ಮುನಿಶಾಮಿಯದು. ಮುನಿಶಾಮಿಯ ಕಫದಲ್ಲಿ ಟಿ.ಬಿ. ಇರಲೇ ಇಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಅವನ ಚೀಟಿಯಿಂದ ಟಿ.ಬಿ. ಅನ್ನುವುದನ್ನು ಹೊಡೆದುಹಾಕಿ, ಗಣಿ ದೂಳಿನ ಶ್ವಾಸಕೋಶದ ಕಾಯಿಲೆ ಅಂತ ಬರೆದರು. ಗಣಿ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಅವನ ಕಾಯಿಲೆಯ ಸರಿಯಾದ ಹೆಸರು ಕಾಗದದ ಮೇಲೆ ಬಿದ್ದದ್ದು ಅದೇ ಮೊದಲು. ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಉಸಿರು ಸಲೀಸಾಗಲು ಒಂದು ಪಂಪು ಕೊಟ್ಟು, ಮೂರು ವಾರದ ನಂತರ ಮನೆಗೆ ಕಳಿಸಿದರು.

ಈ ನಡುವೆ ಆಟೋದ ಮಕ್ಕಳಿಗೆ ಟಿ.ಬಿ. ಪರೀಕ್ಷೆ ಆಯಿತು. ಹನ್ನೊಂದು ಮನೆಗೂ ಅರ್ಚನ ಮೇಡಂ ಜೊತೆ ಕಲ್ಪನಳೂ ಹೋದಳು. ಅದು ಮೇಡಂ ಹಾಕಿದ ಷರತ್ತು. ಪ್ರತಿ ಮನೆಯಲ್ಲೂ ಮೊದಲ ಮಾತು ಅವಳೇ ಆಡಬೇಕಿತ್ತು. ಕೆಲವರು ಬೈದರು. ಒಬ್ಬರು ಮುಖಕ್ಕೇ ಬಾಗಿಲು ಹಾಕಿ, ಮಾರನೆ ದಿನ ತಾವಾಗಿಯೇ ಮಗುವನ್ನು ಕರೆತಂದರು. ಹತ್ತು ಮಕ್ಕಳಿಗೆ ರೋಗ ಇರಲಿಲ್ಲ. ಅವರಲ್ಲಿ ಮೂವರಿಗೆ ಸೋಂಕು ತಗುಲಿ ಒಳಗೇ ಮಲಗಿತ್ತು. ಅದು ಏಳದಂತೆ ಮಾತ್ರೆ ಕೊಟ್ಟರು. ಹನ್ನೊಂದನೆಯವಳು ಸುಮಿತಾ, ಒಂದನೇ ಕ್ಲಾಸು. ಅವಳಿಗೆ ಎದೆಯೊಳಗಿನ ಗ್ರಂಥಿ ಊದಿತ್ತು. ಅದು ಟಿ.ಬಿ.

ಸುಮಿತಾಳ ತಾಯಿ ವನಿತಾ ಆಂಡರ್ಸನ್‌ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಅವಳು ಕೂಗಾಡಲಿಲ್ಲ. "ಅವತ್ತೇ ಸರಿಯಾಗಿ ಅಂಟಿಸಿದ್ರೆ ನನ್ನ ಮಗೂಗೆ ಬರ್ತಿರಲಿಲ್ಲ ಅಲ್ವಾ?" ಅಂತ ಕೇಳಿದಳು.

ಅದಕ್ಕೆ ಮುಂಚೆಯೇ ಮೂರು ವಾರ ಸೆಲ್ವರಾಜ್ ಕೆಮ್ಮುತ್ತಿದ್ದ, ಆಗಲೇ ತಗುಲಿರಬಹುದು ಅಂತ ಅರ್ಚನ ಮೇಡಂ ಹೇಳಲು ಬಾಯಿ ತೆರೆದರು.

"ಬರ್ದೇನೂ ಇರ್ಬೋದಿತ್ತು," ಅಂದಳು ಕಲ್ಪನ. "ಹೇಳಕ್ಕಾಗಲ್ಲ."

ಆರು ತಿಂಗಳು ಆ ಮಗುವಿಗೆ ಮಾತ್ರೆ ಮುಟ್ಟಿಸುವ ಕೆಲಸ ಕಲ್ಪನ ಕೇಳಿ ಪಡೆದಳು. ವಾರಕ್ಕೊಮ್ಮೆ ಹೋಗುತ್ತಿದ್ದಳು. ಮೊದಲ ತಿಂಗಳು ವನಿತಾ ಹೊಲಿಗೆ ಮೆಷಿನ್ ನಿಲ್ಲಿಸದೆ ಒಂದು ಕೈಯಲ್ಲಿ ಪೊಟ್ಟಣ ಇಸಿದುಕೊಳ್ಳುತ್ತಿದ್ದಳು. ಪ್ರತಿ ಸಲವೂ ಕಲ್ಪನ ಮಗುವಿನ ಕಣ್ಣಿನ ರೆಪ್ಪೆ ಎತ್ತಿ ಬಣ್ಣ ನೋಡುತ್ತಿದ್ದಳು, ಎರಡೆರಡು ಸಲ. ಜುಲೈ ಕೊನೆಗೆ ಸುಮಿತಾಳ ಮಾತ್ರೆ ಮುಗಿಯಿತು, ಎಕ್ಸ್‌ರೇ ಚೊಕ್ಕವಾಗಿತ್ತು. ಸೆಲ್ವರಾಜನೂ ಗುಣವಾದ. ಆದರೆ ಶಾಲೆಯ ಬಾಡಿಗೆ ಅವನಿಗೆ ಮತ್ತೆ ಸಿಗಲಿಲ್ಲ. ಡಾಕ್ಟರ ಚೀಟಿ ತೋರಿಸಿದರೂ ತಂದೆತಾಯಂದಿರು ಒಪ್ಪಲಿಲ್ಲ. ಈಗ ಊರಿಗಾಂ ಸ್ಟೇಷನ್ ಮುಂದೆ ನಿಲ್ಲುತ್ತಾನೆ. ಕಲ್ಪನಳನ್ನು ಕಂಡರೆ ಮಾತಾಡಿಸುತ್ತಾನೆ. ಆದರೆ ಸಿಸ್ಟರ್ ಅನ್ನುವುದಿಲ್ಲ, ಮೇಡಂ ಅನ್ನುತ್ತಾನೆ.

ವಿಶ್ವವಿದ್ಯಾಲಯದ ಸಮಿತಿ ಅವಳನ್ನು ಬೆಂಗಳೂರಿಗೆ ಕರೆಸಿತು. ಐದು ಜನ ಕೂತು ಎರಡು ಗಂಟೆ ಪ್ರಶ್ನೆ ಕೇಳಿದರು. ಅವಳು ತಂದಿದ್ದ ಎಲ್ಲಾ ಡಬ್ಬಿಗಳ ದಾಖಲೆ ತೆಗೆಸಿ ನೋಡಿದರು. ಬೇರೆಲ್ಲೂ ದೋಷ ಕಾಣಲಿಲ್ಲ, ಆದರೂ ಆ ತಿಂಗಳ ಇಪ್ಪತ್ತಮೂರು ಡಬ್ಬಿಗಳನ್ನು ಸಂಶೋಧನೆಯಿಂದ ಕೈಬಿಟ್ಟರು. ತಾನಾಗಿ ಹೇಳಿದಳು ಅನ್ನುವ ಕಾರಣಕ್ಕೆ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆರು ತಿಂಗಳು ಡಬ್ಬಿ ಮುಟ್ಟುವಂತಿಲ್ಲ, ಆಮೇಲೆ ಹೊಸದಾಗಿ ತರಬೇತಿ ಪಡೆದು ಸೇರಬೇಕು ಅಂತ ತೀರ್ಮಾನವಾಯಿತು. "ನನ್ನ ಮೇಲೆ ನಿಮಗೆ ಕೋಪ ಇಲ್ವಾ ಮೇಡಂ?" ಅಂತ ವಾಪಸು ಬರುವಾಗ ರೈಲಿನಲ್ಲಿ ಕೇಳಿದಳು. "ಇದೆ," ಅಂದರು ಅರ್ಚನ ಮೇಡಂ. ಆಮೇಲೆ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು, ಅರ್ಧ ಅವಳ ಕೈಗೆ ಕೊಟ್ಟರು.

ಆಗಸ್ಟ್‌ನಲ್ಲಿ ಕಲ್ಪನ ಮತ್ತೆ ಪೆಟ್ಟಿಗೆ ಹಿಡಿದು ಊರಿಗಾಂ ಲೈನಿಗೆ ಹೋದಳು. ಮುನಿಶಾಮಿ ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ದ. ಇವಳನ್ನು ನೋಡಿ ಕೈ ಎತ್ತಿದ. ಆದಿಲಕ್ಷ್ಮಮ್ಮ ಮೊರ ಹಿಡಿದು ಹೊರಗೆ ಬಂದವಳು ಇವಳನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಒಳಗೆ ಬಾ ಅನ್ನಲಿಲ್ಲ. ಕಲ್ಪನಳೂ ಮೆಟ್ಟಿಲು ಹತ್ತಲಿಲ್ಲ.

"ಹೇಗಿದ್ದಾರಮ್ಮಾ?"

"ಅವ್ರೆ. ಉಸಿರಾಡ್ತಾವ್ರೆ." ಮೊರದಲ್ಲಿದ್ದ ಅಕ್ಕಿಯನ್ನು ಎರಡು ಸಲ ಕೇರಿ, ಮುಖ ಎತ್ತದೆ ಹೇಳಿದಳು: "ಕೊನೇ ಮನೆ ಕುಪ್ಪುಸ್ವಾಮಿ ತಿಂಗಳಿಂದ ಕೆಮ್ತಾ ಅವ್ನೆ. ಯಾರು ಯೋಳಿದ್ರೂ ಆಸ್ಪತ್ರೆಗೆ ಓಗಲ್ಲ ಅಂತಾನೆ. ಮನೇಲಿ ಹಸುಗೂಸು ಬೇರೆ ಐತೆ."

"ನಾನು ಹೋಗ್ಲಾ?"

"ಮತ್ತೆ ಇನ್ಯಾರು ಓಗ್ತಾರೆ?" ಅಂದಳು ಆದಿಲಕ್ಷ್ಮಮ್ಮ.

ಕಲ್ಪನ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಲೈನಿನ ಕೊನೆಯ ಮನೆಯ ಕಡೆಗೆ ನಡೆದಳು.